ಟಿಕೆಟ್ ಇದ್ದರೆ ಸಾಲದು

ಪ್ರೀತಿಯ ಪುಟ್ಟಿಗೆ, ನಿನ್ನ ಮಾವ ಮಾಡುವ ಆಶೀರ್ವಾದಗಳು.

ನೌಕರಿ ಬಿಟ್ಟು ಸ್ವಂತ ಕೆಲಸ ಹಿಡಿದವರಿಗೆ ಓಡಾಟದ ಖರ್ಚೆಲ್ಲ ತೆರಿಗೆಯಲ್ಲಿ ವಾಪಸ್ ಬರುತ್ತದೆ ಅಂತ ಯಾರೋ ಹೇಳಿದರು ಅಂದೆಯಲ್ಲ, ಮೊದಲು ಅದನ್ನು ತಲೆಯಿಂದ ತೆಗೆದುಹಾಕು. ವಾಪಸ್ ಏನೂ ಬರುವುದಿಲ್ಲ. ಖರ್ಚನ್ನು ಆದಾಯದಲ್ಲಿ ಕಳೆದು, ಉಳಿದದ್ದಕ್ಕೆ ತೆರಿಗೆ ಹಾಕುತ್ತಾರೆ, ಅಷ್ಟೆ. ತೆರಿಗೆ ದರ 20% ಇದ್ದರೆ, ನೂರು ಖರ್ಚು ಮಾಡಿದಾಗ ತೆರಿಗೆಯಲ್ಲಿ ನಿನಗೆ ಉಳಿಯುವುದು ಇಪ್ಪತ್ತು. ಮಿಕ್ಕ ಎಂಬತ್ತು ನಿನ್ನ ಜೇಬಿನಿಂದಲೇ ಹೋಗುತ್ತದೆ. ಹೇಗೂ ಕಳೆಯಬಹುದಲ್ಲ ಅಂತ ದುಬಾರಿ ಹೋಟೆಲ್ ಬುಕ್ ಮಾಡುವವರಿಗೆ ಈ ಲೆಕ್ಕ ಹೇಳಿದರೆ ಮುಖ ಸಪ್ಪಗಾಗುತ್ತದೆ!

ಟಿಕೆಟ್, ಬಿಲ್ಲು ಎಲ್ಲ ಎತ್ತಿಡುತ್ತಿದ್ದೀಯ, ಒಳ್ಳೆಯದೇ. ಆದರೆ ನೀನು ಹೋದೆ ಅನ್ನುವುದಕ್ಕೆ ಟಿಕೆಟ್ ಸಾಕ್ಷಿ, ಯಾಕೆ ಹೋದೆ ಅನ್ನುವುದಕ್ಕಲ್ಲ. ತೆರಿಗೆಯವರು ಕೇಳುವುದು ಆ 'ಯಾಕೆ'ಯನ್ನೇ.

ಇಂಗ್ಲೆಂಡಿನ ಒಂದು ಹಳೇ ಕೇಸು ಹೇಳುತ್ತೇನೆ. 1952ರದ್ದು, ನ್ಯೂಸಮ್ ವಿರುದ್ಧ ರಾಬರ್ಟ್‌ಸನ್. ರಾಬರ್ಟ್‌ಸನ್ ತೆರಿಗೆ ಅಧಿಕಾರಿ. ನ್ಯೂಸಮ್ ಒಬ್ಬ ವಕೀಲರು, ನಿನ್ನ ಹಾಗೆ ಸ್ವಂತ ವೃತ್ತಿ. ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ವಕೀಲಿ ಆಫೀಸು, ಮನೆ ದೂರದ ವಿಪ್ಸ್‌ನೇಡ್‌ನಲ್ಲಿ. ಮನೆಯಲ್ಲೂ ಕಾನೂನು ಪುಸ್ತಕ ಇಟ್ಟುಕೊಂಡು ಸಂಜೆ ಹೊತ್ತು, ರಜೆಯಲ್ಲಿ ಕೇಸಿನ ಕೆಲಸ ಮಾಡುತ್ತಿದ್ದರು. ಎರಡು ಕಡೆಯೂ ನನ್ನ ಕೆಲಸ ನಡೆಯುತ್ತದೆ, ನಡುವಿನ ಓಡಾಟ ವೃತ್ತಿಯ ಖರ್ಚು ಅಂತ ಅವರ ವಾದ. ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಅವರು ಅಷ್ಟು ದೂರ ಓಡಾಡುವುದು ಮನೆ ಅಲ್ಲಿರುವುದಕ್ಕೆ, ಕೆಲಸ ಕೇಳುತ್ತದೆ ಅಂತಲ್ಲ ಎಂದಿತು. ಅಮೆರಿಕದ ಸುಪ್ರೀಂ ಕೋರ್ಟು 1946ರಲ್ಲೇ ಫ್ಲವರ್ಸ್ ಅನ್ನುವ ಇನ್ನೊಬ್ಬ ವಕೀಲರಿಗೆ ಹೆಚ್ಚುಕಮ್ಮಿ ಇದನ್ನೇ ಹೇಳಿತ್ತು. ವಕೀಲರೇ ಸೋತಿದ್ದಾರೆ ಅಂದಮೇಲೆ, ಮನೆಯಲ್ಲಿ ಒಂದು ಮೇಜು ಹಾಕಿಕೊಂಡಿದ್ದೇನೆ, ದಿನಾ ಬಾಡಿಗೆ ಆಫೀಸಿಗೆ ಹೋಗುವ ಖರ್ಚು ಕಳೆಯುತ್ತೇನೆ ಅಂತ ನೀನು ಹೊರಡುವ ಮೊದಲು ಸ್ವಲ್ಪ ಯೋಚಿಸಬೇಕು, ಅಲ್ವಾ? ಬೇರೆ ಊರಿನ ಕ್ಲೈಂಟ್ ಹತ್ತಿರ ಒಂದು ಕೆಲಸಕ್ಕೆ ಅಂತ ಹೋಗಿ ಬಂದದ್ದರ ಮಾತು ಬೇರೆ. ಅದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ.

ಆದ್ದರಿಂದ ಒಂದು ಡೈರಿ ಇಡು. ಫೋನಿನಲ್ಲಾದರೂ ಸರಿ. ಜಾಸ್ತಿ ಬರೆಯಬೇಕಿಲ್ಲ: "ಮಂಗಳವಾರ, 10ರಿಂದ 1. ಕ್ಲೈಂಟ್ ಆಫೀಸ್, ಕ್ಯಾಟಲಾಗ್ ಡಿಸೈನ್ ಮೀಟಿಂಗ್. ಹೋಗಿಬಂದದ್ದು 64 ಕಿ.ಮೀ. ಇನ್‌ವಾಯ್ಸ್ ನಂ. 17." ಇಷ್ಟೇ. ಆದರೆ ಅವತ್ತೇ ಬರೆ. ವರ್ಷದ ಕೊನೆಗೆ ಒಂದೇ ಕೂತಲ್ಲಿ ಬರೆದ ಡೈರಿ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್ಲ ಪ್ರಯಾಣವೂ ಐವತ್ತು ಕಿ.ಮೀ., ಎಲ್ಲ ಮೀಟಿಂಗೂ ಎರಡು ಗಂಟೆ!

ಕೆಲಸದ ಜೊತೆ ಸುತ್ತಾಟ ಸೇರಿದಾಗಲೇ ತಕರಾರು. ಅಮೆರಿಕದಲ್ಲಿ ದೇಶದೊಳಗಿನ ಪ್ರವಾಸ ಮುಖ್ಯವಾಗಿ ಕೆಲಸಕ್ಕೇ ಆಗಿದ್ದರೆ ಟಿಕೆಟ್ ಪೂರ್ತಿ ಕಳೆಯಬಹುದು, ಸುತ್ತಾಡಿದ ದಿನಗಳ ರೂಮ್ ಬಾಡಿಗೆ ಬರುವುದಿಲ್ಲ. ಬ್ರಿಟನ್ನಿನಲ್ಲಿ ಪ್ರಯಾಣಕ್ಕೆ ಎರಡು ಉದ್ದೇಶ ಕಂಡರೆ ಟಿಕೆಟ್ಟೇ ಕೈತಪ್ಪಬಹುದು. ಜೊತೆಗೆ ಬಂದ ಗೆಳತಿಯ ಖರ್ಚಂತೂ ಎಲ್ಲೂ ಕೇಳಲೇಬೇಡ.

ನಿನ್ನ ಅಣ್ಣಂದಿರೂ ಬೇರೆ ಬೇರೆ ದೇಶದಲ್ಲಿ ಇದೇ ಥರ ದುಡಿಯುತ್ತಿರುವುದರಿಂದ ಇದನ್ನೂ ಸೇರಿಸುತ್ತೇನೆ, ಅವರಿಗೂ ಕಳಿಸು. ಜರ್ಮನಿಯಲ್ಲಿ ದೇಶದೊಳಗೆ ಕೆಲಸಕ್ಕೆ ಹೋಗಿ ಇಡೀ 24 ಗಂಟೆ ಹೊರಗಿದ್ದರೆ ಊಟಕ್ಕೆ 28 ಯೂರೋ, ಎಂಟು ಗಂಟೆಗಿಂತ ಜಾಸ್ತಿ ಹೊರಗಿದ್ದರೆ 14 ಯೂರೋ ಹಿಡಿಯಬಹುದು. ಊಟದ ಬಿಲ್ಲು ಬೇಕಿಲ್ಲ. ಭಾರತದಲ್ಲಿ ಕೆಲವು ವೃತ್ತಿಯವರಿಗೆ ಅಂದಾಜು ಲಾಭದ ಪದ್ಧತಿ ಇದೆ, ಆದಾಯ ತೆರಿಗೆ ಕಾನೂನಿನಲ್ಲಿ 44ಎಡಿಎ ಕಲಮು ಅಂತ ಹೆಸರಾದದ್ದು. ಬಂದ ಹಣದಲ್ಲಿ ಕನಿಷ್ಠ 50% ಲಾಭ ಅಂತ ತೋರಿಸಿದರೆ ಆಯಿತು. ಆದರೆ ಆ ದಾರಿ ಹಿಡಿದವರು ಪ್ರಯಾಣದ ಖರ್ಚನ್ನು ಬೇರೆಯಾಗಿ ಕಳೆಯುವಂತಿಲ್ಲ. ಉಳಿದ ಅರ್ಧದಲ್ಲೇ ಅದೂ ಸೇರಿಹೋಯಿತು. ಇದು ಗೊತ್ತಿಲ್ಲದೆ ಸುಮ್ನೆ ಎರಡೂ ಹಾಕಹೋಗುವವರಿದ್ದಾರೆ.

ಇನ್ನೊಂದು. ಮುಂದಿನ ತಿಂಗಳ ಪ್ರಯಾಣಕ್ಕೆ ಕ್ಲೈಂಟೇ ಟಿಕೆಟ್ ಹಣ ಕೊಡುತ್ತಾರೆ ಅಂದೆ. ಆ ಹಣವನ್ನು ಆದಾಯದಲ್ಲಿ ತೋರಿಸದೆ ಖರ್ಚು ಮಾತ್ರ ಕಳೆಯಬೇಡ. ತೋರಿಸಿದರೆ ಎರಡನ್ನೂ ತೋರಿಸು. ಅವರು ಬರಲು ಹೇಳಿದ ಮೇಲ್ ಅಳಿಸದೆ ಇಟ್ಟುಕೋ.

ಇಂತಿ,
ನಿನ್ನ ಮಾವ