ತೆರೆಯ ಮೇಲಿನ ಮನೋವೈದ್ಯ

ಸಂಪಾದಕರೇ,

ಚಲನಚಿತ್ರಗಳ ಮನೋವೈದ್ಯರು ಒಂದೋ ರೋಗಿಗಿಂತ ವಿಚಿತ್ರವಾಗಿ ವರ್ತಿಸುವ ವಿದೂಷಕರಾಗಿರುತ್ತಾರೆ, ಇಲ್ಲವೇ ರೋಗಿಯನ್ನೇ ಪ್ರೀತಿಸಿಬಿಡುತ್ತಾರೆ. ಎರಡನೆಯದು ವೃತ್ತಿನೀತಿಯ ಗಂಭೀರ ಉಲ್ಲಂಘನೆಯೆಂಬುದು ಕಥೆ ಬರೆದವರಿಗೆ ಹೊಳೆದಂತೆಯೇ ಕಾಣುವುದಿಲ್ಲ. ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ಮನೋರೋಗವಾದ ಸ್ಕಿಜೋಫ್ರೇನಿಯಾವನ್ನು ಒಬ್ಬನೊಳಗೆ ಇಬ್ಬರಿರುವುದೆಂದು ತೋರಿಸುವುದೂ ತಪ್ಪು.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವುದು ವಿದ್ಯುತ್ ಕಂಪನ ಚಿಕಿತ್ಸೆಯ, ಅಂದರೆ ಮಿದುಳಿಗೆ ಸ್ವಲ್ಪ ಹೊತ್ತು ವಿದ್ಯುತ್ ಹಾಯಿಸಿ ಸೆಳವು ಬರಿಸುವ ಚಿಕಿತ್ಸೆಯ ದೃಶ್ಯಗಳು. 1938ರಲ್ಲಿ ರೋಮ್‌ನಲ್ಲಿ ಆರಂಭವಾದ ಈ ಚಿಕಿತ್ಸೆಯನ್ನು ಇಂದಿನ ಸರಿಯಾದ ಕ್ರಮದಲ್ಲಿ ಅರಿವಳಿಕೆ ಹಾಗೂ ಸ್ನಾಯು ಸಡಿಲಿಸುವ ಔಷಧ ಕೊಟ್ಟೇ ಮಾಡುತ್ತಾರೆ. ಕೆಲಕಾಲ ಮರೆವು ಕಾಡಬಹುದಾದರೂ, ತೀವ್ರ ಖಿನ್ನತೆಯಿಂದ ಊಟ, ಮಾತು ಬಿಟ್ಟವರ ಜೀವವನ್ನು ಅದು ಉಳಿಸಬಲ್ಲದು. ತೆರೆಯ ಮೇಲಾದರೋ ಎಚ್ಚರವಿರುವ ನಾಯಕನನ್ನು ಮಂಚಕ್ಕೆ ಕಟ್ಟಿ, ಅವನು ಚೀರುತ್ತಿರುವಾಗಲೇ, ಹೆಚ್ಚಾಗಿ ಶಿಕ್ಷೆಯೆಂಬಂತೆ, ಶಾಕ್ ಕೊಡುತ್ತಾರೆ. ವೈದ್ಯರು ಈ ಚಿಕಿತ್ಸೆಯ ಹೆಸರೆತ್ತಿದೊಡನೆ, ಇದನ್ನೇ ನೋಡುತ್ತಾ ಬಂದ ಮನೆಯವರು ರೋಗಿಯನ್ನು ಕರೆದುಕೊಂಡು ಹೊರಟುಬಿಟ್ಟರೆ ಆಶ್ಚರ್ಯವೇನಿಲ್ಲ.

– ಓರ್ವ ಓದುಗ