ಹಳೆ ಬೇಸ್ ಗಿಟಾರ್: ಪಿಕಪ್ ಬದಲಿಸುವ ಮುನ್ನ

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಆರ್ಕೆಸ್ಟ್ರಾದವರು ಮಳೆಗಾಲವಿಡೀ ಮೂಲೆ ಸೇರಿದ್ದ ವಾದ್ಯಗಳನ್ನು ಹೊರಗೆ ತೆಗೆಯುತ್ತಾರೆ. ಕೀಬೋರ್ಡ್, ರಿದಂ ಪ್ಯಾಡ್ ಸ್ವಿಚ್ ಹಾಕಿದರೆ ಆಯಿತು. ಸತಾಯಿಸುವುದು ಬೇಸ್ ಗಿಟಾರ್, ಅದರಲ್ಲೂ ಇಪ್ಪತ್ತು ಮೂವತ್ತು ವರ್ಷ ಹಳೆಯದು. ತಂತಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಬಡಿದು ಜುರ್ರೆನ್ನುತ್ತದೆ, ಹನ್ನೆರಡನೇ ಫ್ರೆಟ್ ದಾಟಿದರೆ ಶ್ರುತಿ ತಪ್ಪುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ. ಕೂಡಲೇ ಆನ್‌ಲೈನ್‌ನಲ್ಲಿ ಹೊಸ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಆಯಸ್ಕಾಂತದ ಸುರುಳಿ) ತರಿಸಿ ಹಾಕಿಸುವುದು ಈಗ ರೂಢಿಯಾಗಿದೆ. ಹೇಳಿದ ಮೂರು ಕಾಯಿಲೆಗಳಲ್ಲಿ ಒಂದೂ ಪಿಕಪ್‌ನದಲ್ಲ. ಮೊದಲು ನೆಕ್ (ವಾದ್ಯದ ಕತ್ತು), ಆಮೇಲೆ ವೈರಿಂಗ್, ಕೊನೆಗೆ ಬೇಕಿದ್ದರೆ ಪಿಕಪ್ ಎಂಬ ಕ್ರಮ ಹಿಡಿದರೆ ಬಹುಪಾಲು ಹಳೆ ಬೇಸ್‌ಗಳು ಹೊಸ ತಂತಿ, ಸಣ್ಣಪುಟ್ಟ ಸಾಮಾನಿನಲ್ಲೇ ಸರಿಹೋಗುತ್ತವೆ.

ಸಾಮಾನ್ಯ ಬೇಸ್‌ನ ತಂತಿಯ ಉದ್ದ 34 ಇಂಚು. ನಾಲ್ಕೂ ತಂತಿ ಸೇರಿ ಎಪ್ಪತ್ತು ಎಂಬತ್ತು ಕಿಲೋದಷ್ಟು ಭಾರದಲ್ಲಿ ನೆಕ್ಕನ್ನು ಮುಂದಕ್ಕೆ ಜಗ್ಗುತ್ತಿರುತ್ತವೆ. ಒಳಗಿರುವ ಟ್ರಸ್ ರಾಡ್ ಎಂಬ ಕಬ್ಬಿಣದ ಸರಳು ಅದನ್ನು ಹಿಂದಕ್ಕೆ ಹಿಡಿದಿರುತ್ತದೆ. ಈ ಇಬ್ಬರ ಜಗ್ಗಾಟದ ನಡುವೆ ಮರ ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ನಮ್ಮ ಜಿಲ್ಲೆಗಳ ಹವೆಯೂ ಒಂದೇ ತೆರನಲ್ಲ. ಸಕಲೇಶಪುರದ ಜಡಿಮಳೆಯಲ್ಲಿ ಆರು ತಿಂಗಳಿದ್ದ ವಾದ್ಯವನ್ನು ಒಣ ಹವೆಯ ಅರಸೀಕೆರೆಗೋ ಕಡೂರಿಗೋ ಒಯ್ದರೆ ನೆಕ್ ಜಾಗ ಬಿಟ್ಟು ಕದಲುತ್ತದೆ. ಬೇಸಿಗೆಯಲ್ಲಿ ಫ್ರೆಟ್‌ಬೋರ್ಡ್ (ಫ್ರೆಟ್‌ಗಳು ಕೂತಿರುವ ಹಲಗೆ) ಕುಗ್ಗಿ ಫ್ರೆಟ್‌ನ ತುದಿಗಳು ಅಂಚಿನಿಂದ ಹೊರಗೆ ಇಣುಕಿ ಅಂಗೈ ಗೀರುವುದು ಇದೇ ಕಾರಣಕ್ಕೆ. ಇಂಥದ್ದನ್ನು ಕೂಡಲೇ ಅರದಿಂದ ಉಜ್ಜಿಸಬೇಡಿ; ತೇವಾಂಶ ಒಂದು ಹದಕ್ಕೆ ಬಂದ ಮೇಲೂ ಉಳಿದರೆ ಮಾತ್ರ ಉಜ್ಜಿ.

ನೆಕ್ ಎಷ್ಟು ಬಾಗಿದೆ ಎಂದು ಕಣ್ಣಳತೆಯಲ್ಲಿ ಹೇಳುವವರನ್ನು ನಂಬಬೇಕಿಲ್ಲ. ಶ್ರುತಿ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿದು, ಮೊದಲ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಅದೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಎಂಟನೇ ಫ್ರೆಟ್‌ನ ನೆತ್ತಿಗೂ ತಂತಿಯ ತಳಕ್ಕೂ ನಡುವೆ 0.3ರಿಂದ 0.35 ಮಿ.ಮೀ. ಸಂದಿರಬೇಕು. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಕೂರಿಸಲು ಇಟ್ಟುಕೊಳ್ಳುವ ಫೀಲರ್ ಗೇಜ್ ಇದಕ್ಕೆ ಧಾರಾಳ ಸಾಕು. ಸಂದು ಹೆಚ್ಚಿದ್ದರೆ ಟ್ರಸ್ ರಾಡ್ ನಟ್ಟನ್ನು ಬಿಗಿ ಮಾಡಬೇಕು, ಸಂದೇ ಇಲ್ಲದಿದ್ದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ. ಬಿಗಿ ಮಾಡುವ ಮೊದಲು ತಂತಿಗಳನ್ನು ಇಳಿಸಿ, ತಿರುಗಿಸಿ, ಮತ್ತೆ ಶ್ರುತಿಗೆ ತಂದು ಅಳೆಯಿರಿ. ಮರುದಿನ ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಮರ ನಿಧಾನಕ್ಕೆ ಕೂರುತ್ತದೆ. ನಟ್ ಗಟ್ಟಿಯಾಗಿ ನಿಂತುಬಿಟ್ಟರೆ ಅಲ್ಲಿಗೆ ಕೈಬಿಡಿ. ಬಲ ಹಾಕಿ ಸರಳು ಮುರಿದರೆ ಅದರ ರಿಪೇರಿ ಖರ್ಚು ವಾದ್ಯದ ಬೆಲೆಯನ್ನೇ ಮೀರಬಹುದು.

ಕೀ ವಿಷಯದಲ್ಲಿ ಒಂದು ಎಚ್ಚರಿಕೆ. ಹಾರ್ಡ್‌ವೇರ್ ಅಂಗಡಿಯ ಅಲೆನ್ ಕೀ ಸೆಟ್ ಸಾಮಾನ್ಯವಾಗಿ ಮಿ.ಮೀ. ಲೆಕ್ಕದ್ದು, ಅಮೆರಿಕನ್ ಮಾದರಿಯ ಬೇಸ್‌ಗಳ ನಟ್ ಇಂಚಿನ ಲೆಕ್ಕದ್ದು. ಮೂರು ಹದಿನಾರಾಂಶ ಇಂಚು ಎಂದರೆ 4.76 ಮಿ.ಮೀ. ಇದಕ್ಕೆ 5ರ ಕೀ ಹೋಗುವುದಿಲ್ಲ, 4.5ರದು ಹೋಗಿ ಮೂಲೆಗಳನ್ನು ಸವೆಸಿ ನಟ್ಟನ್ನು ದುಂಡಗೆ ಮಾಡಿಬಿಡುತ್ತದೆ. ಎರಡೂ ಲೆಕ್ಕದ ಕೀಗಳನ್ನು ಇಟ್ಟುಕೊಂಡು, ಅಲುಗಾಡದೆ ಕೂರುವುದನ್ನೇ ಬಳಸಿ. ಕೆಲವು ಹಳೆ ಮಾದರಿಗಳಲ್ಲಿ ನಟ್ ನೆಕ್‌ನ ಬುಡದಲ್ಲಿರುತ್ತದೆ. ಅದಕ್ಕೆ ನೆಕ್ಕನ್ನೇ ಬಿಚ್ಚಬೇಕು.

ನೆಕ್ ಸರಿಯಾದ ಮೇಲೆ ಬ್ರಿಡ್ಜ್‌ನ ಸ್ಯಾಡಲ್‌ಗಳು, ಅಂದರೆ ತಂತಿಗಳ ಬುಡಕ್ಕೆ ಆಧಾರವಾಗಿರುವ ತುಂಡುಗಳು. ಹದಿನೇಳನೇ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 2.4, ತೆಳು ತಂತಿ 2 ಮಿ.ಮೀ. ಎತ್ತರದಲ್ಲಿರಲಿ. ಆಮೇಲೆ ಹನ್ನೆರಡನೇ ಫ್ರೆಟ್‌ನ ಹಾರ್ಮೋನಿಕ್ (ಒತ್ತದೆ ಬೆರಳು ಸೋಕಿಸಿ ಮೀಟಿದಾಗ ಬರುವ ಸ್ವರ) ಕೇಳಿ, ಅಲ್ಲೇ ಒತ್ತಿ ನುಡಿಸಿ, ಟ್ಯೂನರ್‌ನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ಲನ್ನು ನೆಕ್‌ನಿಂದ ದೂರಕ್ಕೆ, ಇಳಿದಿದ್ದರೆ ಹತ್ತಿರಕ್ಕೆ ಸರಿಸಿ. ಈ ಕ್ರಮ ಅದಲುಬದಲಾದರೆ ಮಾಡಿದ್ದನ್ನೇ ಮತ್ತೆ ಮಾಡುವ ಶಿಕ್ಷೆ. ಇನ್ನೊಂದು ಮಾತು: ತುಕ್ಕು, ಬೆವರು ಹಿಡಿದ ತಂತಿಯ ದಪ್ಪ ಉದ್ದಕ್ಕೂ ಒಂದೇ ಸಮ ಇರುವುದಿಲ್ಲ, ಅದರಲ್ಲಿ ಶ್ರುತಿ ಕೂರಿಸಲು ಹೆಣಗುವುದು ದಂಡ. ಹೊಸ ತಂತಿ ಹಾಕಿದ ಮೇಲೇ ಈ ಕೆಲಸಕ್ಕೆ ಕೈ ಹಾಕಿ.

ನೆಕ್‌ನ ಸ್ಕ್ರೂ ತೂತು ಸವೆದು ಸ್ಕ್ರೂ ಸುಮ್ಮನೆ ತಿರುಗುತ್ತಿದ್ದರೆ ದೊಡ್ಡ ಸ್ಕ್ರೂ ಹೊಡೆಯಬೇಡಿ, ಮರ ಸೀಳುತ್ತದೆ. ಬಿದಿರಿನ ಸಣ್ಣ ಸೀಳನ್ನು ಮರದ ಅಂಟಿನಲ್ಲಿ ಅದ್ದಿ ತೂತು ತುಂಬಿ, ಒಂದು ದಿನ ಒಣಗಲು ಬಿಟ್ಟು, ತೆಳುವಾದ ಬಿಟ್‌ನಿಂದ ದಾರಿ ಮಾಡಿ ಹಳೇ ಸ್ಕ್ರೂವನ್ನೇ ಹಾಕಿ.

ಈಗ ವೈರಿಂಗ್. ಬೇಸ್ ಬಿಚ್ಚದೆಯೇ ಪಿಕಪ್ ಬದುಕಿದೆಯೇ ಎಂದು ತಿಳಿಯಬಹುದು. ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ತೆರೆದು, ಕೇಬಲ್‌ನ ಇನ್ನೊಂದು ತುದಿಯ ಪಿನ್‌ನ ಮೂತಿಗೂ ಬುಡಕ್ಕೂ ಮಲ್ಟಿಮೀಟರ್ ಇಡಿ. 1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ತಂದ ಪ್ರಿಸಿಷನ್ ಮಾದರಿಗೆ 1957ರಲ್ಲಿ ಬಂದ ಎರಡು ತುಂಡಿನ ಪಿಕಪ್ ಇದ್ದರೆ 10 ಕಿಲೋಓಮ್ ಆಸುಪಾಸು ತೋರಿಸುತ್ತದೆ. ಅವರದೇ 1960ರ, ಎರಡು ಪಿಕಪ್‌ನ ಜಾಝ್ ಮಾದರಿಯಲ್ಲಿ ಒಂದರ ವಾಲ್ಯೂಮ್ ಇಳಿಸಿ ಇನ್ನೊಂದನ್ನು ಅಳೆದರೆ ಸುಮಾರು 7, ಎರಡೂ ತೆರೆದರೆ ಅದರ ಅರ್ಧ. ಹತ್ತರ ಜಾಗದಲ್ಲಿ 250 ಕಿಲೋಓಮ್ ಬಂದರೆ ಪಿಕಪ್‌ನ ಕೂದಲೆಳೆಯ ತಾಮ್ರದ ತಂತಿ ಒಳಗೆ ತುಂಡಾಗಿದೆ ಎಂದರ್ಥ. ಮೀಟರ್ ಓದುತ್ತಿರುವುದು ವಾಲ್ಯೂಮ್ ಪಾಟ್‌ನ (ತಿರುಗಿಸುವ ಗುಂಡಿಯ ಕೆಳಗಿನ ರೆಸಿಸ್ಟರ್) ಮೌಲ್ಯವನ್ನು. ಸೊನ್ನೆ ಬಂದರೆ ಜ್ಯಾಕ್‌ನಲ್ಲೋ ಕೇಬಲ್‌ನಲ್ಲೋ ಶಾರ್ಟ್ ಇದೆ. ಹಳೆ ಬೇಸ್ ಕೊಳ್ಳುವವರು ಅಂಗಡಿಯಲ್ಲಿ ನಿಂತೇ ಇದನ್ನು ಮಾಡಬಹುದು. ಬ್ಯಾಟರಿ ಹಾಕುವ ಆ್ಯಕ್ಟಿವ್ ಬೇಸ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ.

ಕರಕರ ಎನ್ನುವ ಪಾಟ್‌ಗೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮುಕು, ನಂತರ ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಧೂಳು ಕೂತು ಇನ್ನೂ ಕೆಡುತ್ತದೆ. ಬದಲಿಸಲೇಬೇಕೆಂದರೆ 250 ಕಿಲೋಓಮ್ ಲಾಗ್ ಪಾಟ್ ಬೇಕು; ಊರಿನ ರೇಡಿಯೋ ಬಿಡಿಭಾಗದ ಅಂಗಡಿಯಲ್ಲಿ ಸಿಗದಿದ್ದರೆ 220ರದು ಹಾಕಿ, ಕಿವಿಗೆ ವ್ಯತ್ಯಾಸ ತಿಳಿಯದು. 100ರದು ಹಾಕಿದರೆ ದನಿ ಮಂಕಾಗುತ್ತದೆ. ಟೋನ್ ಕಂಡೆನ್ಸರ್ 0.047 ಮೈಕ್ರೋಫ್ಯಾರಡ್, ಮೇಲೆ 473 ಎಂದು ಬರೆದಿರುತ್ತದೆ, ಬೆಲೆ ಕೆಲವೇ ರೂಪಾಯಿ. ಇದಕ್ಕೇ ಸಾವಿರ ಕೊಟ್ಟು ‘ವಿಂಟೇಜ್ ಆಯಿಲ್ ಕಂಡೆನ್ಸರ್’ ತರಿಸುವವರಿದ್ದಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಮೌಲ್ಯ, ಒಳಗಿನ ಎಣ್ಣೆ ಅಲ್ಲ.

ಬೆಸುಗೆ ಹಾಕುವಾಗ ಎಡವುವುದು ಪಾಟ್‌ನ ಬೆನ್ನಿನಲ್ಲಿ. ಆ ಲೋಹ ಶಾಖವನ್ನೆಲ್ಲ ಹೀರಿಕೊಳ್ಳುವುದರಿಂದ 25 ವಾಟ್ ಐರನ್‌ನಲ್ಲಿ ಸೀಸ ಗೋಲಿಯಂತೆ ಕೂರುತ್ತದೆ, ಹಿಡಿಯುವುದಿಲ್ಲ. ಬೆನ್ನನ್ನು ಮರಳುಕಾಗದದಲ್ಲಿ ಉಜ್ಜಿ, 40 ವಾಟ್ ಐರನ್‌ನಲ್ಲಿ ಬೇಗ ಮುಗಿಸಿ. ತುಂಬ ಹೊತ್ತು ಕಾಯಿಸಿದರೆ ಒಳಗಿನ ಇಂಗಾಲದ ಪಟ್ಟಿ ಸುಡುತ್ತದೆ. ಬ್ರಿಡ್ಜ್ ಕೆಳಗಿನಿಂದ ಬರುವ ಒಂಟಿ ವೈರ್ ಇದೇ ಬೆನ್ನಿಗೆ ಸೇರಿರಬೇಕು. ತಂತಿ ಮುಟ್ಟಿದರೂ ಗುಂಯ್ ಸದ್ದು ಕಡಿಮೆಯಾಗುತ್ತಿಲ್ಲವೆಂದರೆ ಮೊದಲು ನೋಡಬೇಕಾದ್ದು ಅದನ್ನು. ಜಾಝ್ ಮಾದರಿಯಲ್ಲಿ ಎರಡು ವಾಲ್ಯೂಮೂ ಪೂರ್ತಿ ಇದ್ದಾಗ ಗುಂಯ್ ಇಲ್ಲದೆ, ಒಂದನ್ನು ಇಳಿಸಿದಾಗ ಕೇಳಿಸಿದರೆ ಅದು ಆ ಜಾತಿಯ ಹುಟ್ಟುಗುಣ, ದೋಷವಲ್ಲ.

ಇಷ್ಟಾದ ಮೇಲೂ ದನಿ ಹಿಡಿಸದಿದ್ದರೆ ಪಿಕಪ್‌ನ ಎತ್ತರ ನೋಡಿ. ಕೊನೆಯ ಫ್ರೆಟ್ ಒತ್ತಿದಾಗ ದಪ್ಪ ತಂತಿಗೆ 2.8, ತೆಳುವಿಗೆ 2 ಮಿ.ಮೀ. ಅಂತರ ಪ್ರಿಸಿಷನ್‌ಗೆ ಒಳ್ಳೆ ಆರಂಭ. ಜೋರು ಬರಲೆಂದು ತೀರಾ ಹತ್ತಿರ ತಂದರೆ ಆಯಸ್ಕಾಂತ ತಂತಿಯನ್ನು ಎಳೆದು ಸ್ವರ ತೇಲಾಡುತ್ತದೆ. ಆಗಲೂ ಬದಲಿಸುವ ಮನಸ್ಸಾದರೆ ಬಿಚ್ಚುವ ಮುನ್ನ ಫೋಟೊ ತೆಗೆದಿಡಿ, ತೆಗೆದ ಪಿಕಪ್, ಪಾಟ್, ಸ್ಕ್ರೂಗಳನ್ನು ಒಂದು ಕವರಿನಲ್ಲಿ ಹಾಕಿ ಗಿಟಾರ್ ಬ್ಯಾಗಿನಲ್ಲೇ ಇಡಿ. ಮೂಲ ಭಾಗ ಕಳೆದುಹೋದ ಹಳೆ ವಾದ್ಯಕ್ಕೆ ಮಾರುವಾಗ ಬೆಲೆ ಬೀಳುತ್ತದೆ. ಬಡಗಿಯಿಂದ ಮರ ಕೆತ್ತಿಸಿ ಬ್ಯಾಟರಿ ಪೆಟ್ಟಿಗೆಗೆ ಗುಂಡಿ ತೋಡಿಸುವುದನ್ನು ಮಾತ್ರ ಮಾಡಬೇಡಿ. ಕೆತ್ತಿದ್ದು ಮತ್ತೆ ಬೆಳೆಯುವುದಿಲ್ಲ. ಆ್ಯಕ್ಟಿವ್ ಸರ್ಕ್ಯೂಟ್ ಬೇಕೇಬೇಕೆಂದರೆ ಹೊರಗೆ ಇಡುವ ಪ್ರಿಆ್ಯಂಪ್ ಪೆಡಲ್ ಕೊಳ್ಳಿ.

ಹಾಗೆಯೇ ಮನೆಯ ಹಳೆ ಬೀಟೆ ಮಂಚದ ತುಂಡಿನಿಂದ ಫ್ರೆಟ್‌ಬೋರ್ಡ್ ಮಾಡಿಸುವ ಆಸೆ ಮಲೆನಾಡಿನಲ್ಲಿ ಸಹಜ. ಪ್ರಪಂಚದ ಎಷ್ಟೋ ಗಿಟಾರ್‌ಗಳ ಫ್ರೆಟ್‌ಬೋರ್ಡ್ ನಮ್ಮ ಬೀಟೆಯದೇ. ಆದರೆ ಫ್ರೆಟ್ ಸೀಳುಗಳು ಕೂದಲೆಳೆ ತಪ್ಪಿದರೂ ವಾದ್ಯ ಜನ್ಮದಲ್ಲಿ ಶ್ರುತಿಗೆ ಬಾರದು. ಇದು ಮಂಚ ಮಾಡುವ ಕೈಯ ಕೆಲಸವಲ್ಲ.

ಇಡುವ ಜಾಗದ ಬಗ್ಗೆ ಹೆಚ್ಚೇನಿಲ್ಲ. ಕಾಫಿಯ ತೇವಾಂಶ ನೋಡಿ ಮೂಟೆ ಕಟ್ಟುವ ಊರಿನವರಿಗೆ ಇದನ್ನು ಕಲಿಸಬೇಕಿಲ್ಲ. ಮಳೆ ಬಡಿಯುವ ಗೋಡೆಗೆ ನೇತುಹಾಕಬೇಡಿ, ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ನೀಲಿ ಹರಳು ಗುಲಾಬಿಯಾದಾಗ ಸಣ್ಣ ಶಾಖದಲ್ಲಿ ಒಣಗಿಸಿ ಮತ್ತೆ ಬಳಸಿ.

ಕೊನೆಯದಾಗಿ ಉತ್ಸವ ಸಮಿತಿಗಳ ಗಮನಕ್ಕೆ. ಬೇಸ್‌ನ ತಂತಿಗಳು ಬ್ರಿಡ್ಜ್ ಮೂಲಕ ಆ್ಯಂಪ್ಲಿಫಯರ್‌ನ ಲೋಹದ ಮೈಗೆ ಸೇರಿರುತ್ತವೆ. ಜನರೇಟರ್‌ಗೆ ಅರ್ಥಿಂಗ್ ಇಲ್ಲದೆ, ಆ್ಯಂಪ್ ಒಂದು ಕಡೆಯಿಂದ, ಮೈಕ್‌ನ ಮಿಕ್ಸರ್ ಇನ್ನೊಂದು ಫೇಸ್‌ನಿಂದ ಕರೆಂಟ್ ಪಡೆದರೆ, ತಂತಿ ಹಿಡಿದು ಮೈಕ್‌ಗೆ ತುಟಿ ತಾಗಿಸಿದವರ ಮೈಯಲ್ಲೇ ಕರೆಂಟ್ ಹರಿಯುತ್ತದೆ. ಗುಂಯ್ ಸದ್ದು ನಿಲ್ಲಿಸಲು ತ್ರೀಪಿನ್‌ನ ಅರ್ಥ್ ಪಿನ್ ಕತ್ತರಿಸುವುದು, ಶಾಕ್ ತಪ್ಪಿಸಲು ಬ್ರಿಡ್ಜ್ ವೈರ್ ಕತ್ತರಿಸುವುದು ಎರಡೂ ಅಪಾಯವನ್ನು ಮುಚ್ಚಿಡುತ್ತವೆಯೇ ಹೊರತು ತೆಗೆಯುವುದಿಲ್ಲ. ಕಾರ್ಯಕ್ರಮಕ್ಕೆ ಮುನ್ನ ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕ್‌ನ ಜಾಲರಿಗೆ ತಾಗಿಸಿ. ಸೊನ್ನೆಯ ಹತ್ತಿರವಿಲ್ಲದಿದ್ದರೆ ಯಾರೂ ವೇದಿಕೆ ಹತ್ತಬಾರದು. ವೇದಿಕೆಯ ವಾದ್ಯ, ಮೈಕ್ ಎಲ್ಲಕ್ಕೂ ಒಂದೇ ಬೋರ್ಡ್‌ನಿಂದ ಸಪ್ಲೈ ಕೊಡಿ. ಪೆಂಡಾಲ್, ಜನರೇಟರ್, ಲೈಟಿಂಗ್ ಎಂದು ಕಂಟ್ರಾಕ್ಟರ್‌ಗೆ ಬರೆದುಕೊಡುವ ಪಟ್ಟಿಯಲ್ಲಿ ಈ ಸಲ ಅರ್ಥ್ ರಾಡ್ ಎಂದೂ ಸೇರಿಸಿ.

– ಓದುಗ, ಚಿಕ್ಕಮಗಳೂರು