ಕೆರೆಯ ಚಿತ್ರ ಬರೆದ ಮಕ್ಕಳಿಗೆ, ಬರೆಸಿದವರಿಗೆ

ಹೋದ ತಿಂಗಳು ಚಿತ್ರಕಲಾ ಶಿಕ್ಷಕನ ಕೆಲಸದಿಂದ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಮೈಕಿನ ಮುಂದೆ ನಿಂತಾಗ ಗಂಟಲು ಕಟ್ಟಿಕೊಂಡು ಎರಡು ಮಾತಿಗಿಂತ ಹೆಚ್ಚು ಆಡಲಾಗಲಿಲ್ಲ. ಅಂದು ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದಾರೆ, ಹಾಗಾಗಿ ಯಾರ ಹೆಸರೂ ಇಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

2024ರ ಮಾರ್ಚ್ 22ರ ವಿಶ್ವ ಜಲ ದಿನಕ್ಕೆ ನಮ್ಮ ಶಾಲೆಯ ಕೆರೆ ಚಿತ್ರ ಸ್ಪರ್ಧೆಗೆ ಹದಿನೈದು ತುಂಬಿತು. ಶುರುವಾದದ್ದು 2009ರಲ್ಲಿ. ಇಂಧನ ದಕ್ಷತಾ ಬ್ಯೂರೋದವರು 2005ರಿಂದ ದೇಶದ ಶಾಲಾ ಮಕ್ಕಳಿಗೆ ಇಂಧನ ಉಳಿತಾಯದ ಮೇಲೆ ಚಿತ್ರ ಸ್ಪರ್ಧೆ ನಡೆಸುತ್ತಿದ್ದರು. ಶಾಲೆ, ರಾಜ್ಯ, ರಾಷ್ಟ್ರ ಎಂದು ಮೂರು ಹಂತ. ನಮ್ಮ ಶಾಲೆಯಿಂದಲೂ ಚಿತ್ರ ಕಳಿಸಿದೆವು. ಆಯ್ಕೆಯಾಗದ ಮಕ್ಕಳ ಹಾಳೆಗಳು ನನ್ನ ಮೇಜಿನ ಮೇಲೇ ಉಳಿದವು. ಅವನ್ನು ನೋಡಿದ ಆಗಿನ ಮುಖ್ಯೋಪಾಧ್ಯಾಯಿನಿಯವರು, "ಮೇಷ್ಟ್ರೇ, ನಮ್ಮ ಮಕ್ಕಳಿಗೆ ನಾವೇ ಒಂದು ಮಾಡೋಣ, ನಮ್ಮ ಕೆರೆ ಮೇಲೆ" ಎಂದರು. ಹಾಳೆಗೆ, ಬಹುಮಾನದ ಬಣ್ಣದ ಡಬ್ಬಿಗೆ ಮೊದಲ ಮೂರು ವರ್ಷ ಅವರ ಸಂಬಳದಿಂದಲೇ ಹಣ ಬಂತು. ಅಮ್ಮಾ, ಮೊದಲ ನಮಸ್ಕಾರ ನಿಮಗೆ.

ಕೋಲಾರ ಜಿಲ್ಲೆಯವರಿಗೆ ಕೆರೆ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ವರ್ಷವಿಡೀ ಹರಿಯುವ ಹೊಳೆ ನಮಗಿಲ್ಲ. ಪಾಲಾರ್ ಇದೆ, ಪಿನಾಕಿನಿ ಇದೆ, ಮಳೆ ಬಂದರೆ ಮಾತ್ರ ನೀರು. ಹಿಂದಿನವರು ಅದಕ್ಕೇ ಸಾಲು ಸಾಲಾಗಿ ಕೆರೆ ಕಟ್ಟಿದರು, ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಇಳಿಯುವ ಹಾಗೆ. ನಮ್ಮ ಕಾಲಕ್ಕೆ ಏರಿಯ ಮೇಲೆ ಜಾಲಿ ಬೆಳೆಯಿತು, ಕಾಲುವೆ ಮುಚ್ಚಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು.

ಇಷ್ಟೆಲ್ಲ ಕಣ್ಣೆದುರಿಗಿದ್ದರೂ ಮೊದಲ ವರ್ಷಗಳಲ್ಲಿ ಮಕ್ಕಳು ಬರೆದದ್ದು ಅಳುವ ಭೂಗೋಳ, ತೊಟ್ಟಿಕ್ಕುವ ನಲ್ಲಿ, ಎರಡು ಅಂಗೈಗಳ ನಡುವೆ ಒಂದು ಗಿಡ. ಕ್ಯಾಲೆಂಡರಿನಲ್ಲೋ ಗೋಡೆಯಲ್ಲೋ ನೋಡಿದ್ದನ್ನೇ ಬರೆಯುತ್ತಿದ್ದರು. ತಪ್ಪು ಮಕ್ಕಳದಲ್ಲ. ಗೆರೆ ನೇರವಾಗಿದೆಯೇ, ಬಣ್ಣ ಆಚೆ ಹೋಗಿಲ್ಲವೇ ಎಂದು ಅಂಕ ಕೊಡುತ್ತಿದ್ದವನು ನಾನು.

2017ರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಇಡೀ ಹಾಳೆಗೆ ಕಂದು ಬಣ್ಣ ಬಳಿದು, ಅದರ ಮೇಲೆ ಬಿರುಕುಗಳನ್ನೆಳೆದು, ಒಂದು ಮೂಲೆಯಲ್ಲಿ ಎರಡು ಕಲ್ಲುಕಂಬ ನಿಲ್ಲಿಸಿದ್ದಳು. ಪೂರ್ತಿಯಾಗದ ಚಿತ್ರ ಎಂದುಕೊಂಡು ಪಕ್ಕಕ್ಕಿಟ್ಟೆ. ಬಹುಮಾನ ಒಂದು ಭೂಗೋಳಕ್ಕೆ ಹೋಯಿತು. ಸಂಜೆ, ಕೆರೆಯ ತೂಬು ಎತ್ತಿ ಹೊಲಗದ್ದೆಗೆ ನೀರು ಬಿಡುವ ಊರಿನ ನೀರಗಂಟಿ ತಾತ ಬಂದವರು ಆ ಹಾಳೆಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. "ಮೇಷ್ಟ್ರೇ, ಇದೊಂದೇ ನಮ್ ಕೆರೆ. ಇದು ತೂಬಿನ ಕಲ್ಲು. ಬಲಗಡೆ ಕಲ್ಲು ಮುಕ್ಕಾಗಿರೋದನ್ನೂ ಬರ್ದವ್ಳೆ." ಇಪ್ಪತ್ತು ವರ್ಷದಿಂದ ಅದೇ ಏರಿಯ ಮೇಲೆ ಸೈಕಲ್ ತುಳಿದವನು ನಾನು. ಕಲ್ಲು ಮುಕ್ಕಾಗಿದ್ದು ನನಗೆ ಗೊತ್ತಿರಲಿಲ್ಲ.

ಮರುವರ್ಷದಿಂದ ನಿಯಮ ಬದಲಾಯಿತು. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು, ಬರೆಯುವ ಮೊದಲು ಮನೆಯ ಹಿರಿಯರೊಬ್ಬರನ್ನು ಕೇಳಿ ಬರಬೇಕು. ಸ್ಪರ್ಧೆಗೆ ವಾರ ಮುಂಚೆ ತಾತ ಮಕ್ಕಳನ್ನು ಏರಿಯ ಮೇಲೆ ನಡೆಸಿಕೊಂಡು ಹೋಗುತ್ತಿದ್ದರು. ತೂಬು ಎತ್ತುವುದು ಹೇಗೆ, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಯಾರಿಗೆ ಎಷ್ಟು ಹೊತ್ತು ಬಿಡುತ್ತಿದ್ದರು, ಕೋಡಿಯ ಕಲ್ಲಿನ ಎತ್ತರವನ್ನು ಒಂದು ಗೇಣು ಏರಿಸಿದರೆ ಮೇಲಿನ ಊರಿನವರು ಯಾಕೆ ಜಗಳಕ್ಕೆ ಬರುತ್ತಾರೆ ಎಂದೆಲ್ಲ ಹೇಳುತ್ತಿದ್ದರು. ನನ್ನ ಅಷ್ಟು ವರ್ಷದ ಪಾಠ ಮಾಡದ ಕೆಲಸವನ್ನು ಆ ನಡಿಗೆ ಮಾಡಿತು. ತಾತ ಈಗಿಲ್ಲ. ಅವರ ಮಗ ಈ ಬರಹವನ್ನು ಮನೆಯಲ್ಲಿ ಓದಿ ಹೇಳಲಿ ಎಂದು ಬೇಡುತ್ತೇನೆ.

ಬಣ್ಣ ಕೊಳ್ಳಲಾಗದ ಮಕ್ಕಳು ಅರ್ಧಕ್ಕರ್ಧ ಇದ್ದರು. ಬಿಸಿಯೂಟದ ಅಕ್ಕಂದಿರು ಅರಿಶಿನ ಕೊಟ್ಟರು. ಇಸ್ತ್ರಿ ಅಂಗಡಿಯ ಅಣ್ಣ ವರ್ಷವೂ ಒಂದು ಡಬ್ಬಿ ತುಂಬ ಇದ್ದಿಲು ಎತ್ತಿಟ್ಟರು. ಕೆರೆಯ ಹೂಳನ್ನೇ ಸೋಸಿ ಗೋಂದು ಬೆರೆಸಿದರೆ ಎಂಥ ಬಣ್ಣ ಬರುತ್ತದೆಂದು ಮಕ್ಕಳೇ ಕಂಡುಕೊಂಡರು. ಹೂಳಿನಿಂದ ಬರೆದ ಕೆರೆಯ ಚಿತ್ರವನ್ನು ಮೂಗಿನ ಹತ್ತಿರ ಹಿಡಿದರೆ ಮೊದಲ ಮಳೆಯ ವಾಸನೆ ಬರುತ್ತದೆ.

ಎಂಥೆಂಥ ಚಿತ್ರಗಳು ಬಂದವು! ಒಬ್ಬ ಮಂಡಿ ಬಾಗಿದ ಅಜ್ಜಿಯನ್ನು ಬರೆದು ಅವಳ ಹಲ್ಲಿಗೆ ಅರಿಶಿನ ಹಚ್ಚಿದ್ದ. ಆಳದ ಬೋರ್‌ವೆಲ್ ನೀರಿನ ಫ್ಲೋರೈಡ್ ಮಾಡಿದ ಕೆಲಸ ಅದು, ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಇನ್ನೊಬ್ಬಳು ರಾತ್ರಿ ತ್ರೀ ಫೇಸ್ ಕರೆಂಟ್ ಬಂತೆಂದು ಟಾರ್ಚ್ ಹಿಡಿದು ಮೋಟರ್ ಹಾಕಲು ಹೊರಟ ಅಪ್ಪನನ್ನು ಬರೆದಳು. ನೀರಿನ ಸ್ಪರ್ಧೆಗೆ ಬರೆದ ಆ ಚಿತ್ರವನ್ನೇ ಇಂಧನ ಉಳಿತಾಯದ ಸ್ಪರ್ಧೆಗೂ ಬರೆಯಮ್ಮ ಎಂದೆ, ಬರೆದಳು. 2018ರಲ್ಲಿ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರತೊಡಗಿದ ಮೇಲೆ ಪೈಪು, ಕೊಕ್ಕರೆ, ಮೂಗು ಮುಚ್ಚಿಕೊಂಡ ಜನ ಎಲ್ಲ ಒಂದೇ ಹಾಳೆಯಲ್ಲಿ ಬಂದರು. ಅದು ಅಂತರ್ಜಲ ತುಂಬಿಸಲು ಬಿಟ್ಟ ನೀರು, ನೇರವಾಗಿ ಬಳಸುವುದಕ್ಕಲ್ಲ ಎಂದು ವಿವರಿಸಿದೆ. "ಹಂಗಾದ್ರೆ ಎಮ್ಮೆಗೆ ಯಾರ್ ಹೇಳ್ತಾರೆ ಸಾ?" ಎಂದು ಏಳನೆಯ ತರಗತಿಯವನು ಕೇಳಿದ. ಪ್ರಶ್ನೆ ಸರಿಯಾದದ್ದೇ. ಇಂದಿಗೂ ನನ್ನ ಹತ್ತಿರ ಉತ್ತರವಿಲ್ಲ.

2020ರಲ್ಲಿ ಮಾರ್ಚ್ 22 ಜನತಾ ಕರ್ಫ್ಯೂ ದಿನವಾಯಿತು. ಸ್ಪರ್ಧೆ ನಡೆಯದ ವರ್ಷ ಅದೊಂದೇ. 2021ರ ನವೆಂಬರಿನಲ್ಲಿ ಬಿದ್ದ ಮಳೆಗೆ ನಮ್ಮ ಕೆರೆ ಕೋಡಿ ಹರಿಯಿತು. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು, ಹೆಂಗಸರು ಗಂಗಮ್ಮನಿಗೆ ಬಾಗಿನ ಕೊಟ್ಟರು. ಮರುವರ್ಷದ ಸ್ಪರ್ಧೆಯಲ್ಲಿ ಹನ್ನೊಂದು ಗಂಟೆಯ ಹೊತ್ತಿಗೇ ನೀಲಿ ಬಣ್ಣ ಮುಗಿದುಹೋಯಿತು. ಸ್ಟೇಷನರಿ ಅಂಗಡಿಯವರು ತಾಲ್ಲೂಕು ಕೇಂದ್ರದ ತನಕ ಬೈಕಿನಲ್ಲಿ ಹೋಗಿ ಆರು ಬಾಟಲಿ ತಂದರು, ದುಡ್ಡು ಎಷ್ಟು ಕೊಟ್ಟರೂ ಮುಟ್ಟಲಿಲ್ಲ. ಅಷ್ಟು ವರ್ಷದಲ್ಲಿ ನೀಲಿ ಮುಗಿದದ್ದು ಅದೇ ಮೊದಲು. ಆ ದಿನವನ್ನು ಕೊಟ್ಟ ನಿಮಗೆಲ್ಲ ಕೈಮುಗಿಯುತ್ತೇನೆ.

ಕಂದು ಹಾಳೆಯ ಹುಡುಗಿಗೆ ಪ್ರತ್ಯೇಕವಾಗಿ ಬರೆಯಬೇಕು. ಮಗಳೇ, ನಿನಗೆ ಸಲ್ಲಬೇಕಾದ ಬಹುಮಾನವನ್ನು ನಾನು ತಪ್ಪಿಸಿದೆ. ಆಮೇಲೆ ಬಂದ ಒಳ್ಳೆಯ ಚಿತ್ರಗಳಿಗೆಲ್ಲ ದಾರಿ ಮಾಡಿದ್ದು ನಿನ್ನದು. ಕ್ಷಮಿಸು.

ಹದಿನೈದು ವರ್ಷದ ಚಿತ್ರಗಳೂ ಸ್ಟಾಫ್ ರೂಮಿನ ಕಬ್ಬಿಣದ ಬೀರುವಿನಲ್ಲಿವೆ, ವರ್ಷವಾರು ಕಟ್ಟಿಟ್ಟಿದ್ದೇನೆ. ಗೆದ್ದಿಲು ಹತ್ತದಿರಲೆಂದು ಬೇವಿನ ಸೊಪ್ಪು ಇಟ್ಟಿದ್ದೆ, ಅದನ್ನು ಮಳೆಗಾಲಕ್ಕೆ ಮುಂಚೆ ಬದಲಿಸಬೇಕು. ಬೀಗದಕೈ ಈಗಿನ ಮುಖ್ಯೋಪಾಧ್ಯಾಯರ ಹತ್ತಿರ ಇದೆ. ತಮ್ಮ ಚಿತ್ರ ಬೇಕೆನ್ನುವವರು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಹೋಗಿ ಕೇಳಿ. 2017ರ ಕಟ್ಟಿನಲ್ಲಿ ಮೇಲೆಯೇ ಇದೆ, ಮಗಳೇ, ನಿನ್ನದು.